ಕಲ್ಲಿದ್ದಲಿನ ದ್ರವೀಕರಣ

ಕಲ್ಲಿದ್ದಲಿನ ದ್ರವೀಕರಣ ಎಂಬುದು ಘನರೂಪದ ಕಲ್ಲಿದ್ದಲನ್ನು ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಮೆಥನಾಲ್ ಮೊದಲಾದ ದ್ರವ ಇಂಧನಗಳನ್ನಾಗಿ ಪರಿವರ್ತಿಸುವ ರಾಸಾಯನಿಕ ವಿಧಾನಗಳಿಗೆ ಇರುವ ಸಾಮಾನ್ಯ ಹೆಸರು. ಈ ವಿಧಾನಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಕಲ್ಲಿದ್ದಲಿಗೆ ಹೆಚ್ಚಿನ ಒತ್ತಡದಲ್ಲಿ ಜಲಜನಕವನ್ನು ಸೇರಿಸಿ ಅದನ್ನು ಎಣ್ಣೆಯಾಗಿಸುವುದು ನೇರ ದ್ರವೀಕರಣ. ಕಲ್ಲಿದ್ದಲನ್ನು ಮೊದಲು ಅನಿಲವನ್ನಾಗಿ ಮಾಡಿ, ಆ ಅನಿಲದಿಂದ ದ್ರವ ಇಂಧನವನ್ನು ಹೊಸದಾಗಿ ಕಟ್ಟುವುದು ಪರೋಕ್ಷ ದ್ರವೀಕರಣ. ಎರಡೂ ವಿಧಾನಗಳು 20ನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಜರ್ಮನಿಯಲ್ಲಿ ರೂಪುಗೊಂಡವು. ಮುಂದೆ ದಕ್ಷಿಣ ಆಫ್ರಿಕಾ ಮತ್ತು ಚೀನಾ ದೇಶಗಳಲ್ಲಿ ಇವು ದೊಡ್ಡ ಪ್ರಮಾಣದ ಉದ್ಯಮಗಳಾಗಿ ಬೆಳೆದವು.

ಕಲ್ಲಿದ್ದಲು ಹೇರಳವಾಗಿದ್ದು ಕಚ್ಚಾ ತೈಲ ಇಲ್ಲದ ಅಥವಾ ಸಿಗದ ದೇಶಗಳು ಈ ತಂತ್ರಜ್ಞಾನದ ಕಡೆ ಮತ್ತೆ ಮತ್ತೆ ತಿರುಗಿವೆ. ಹೀಗೆ ದೊರೆಯುವ ಇಂಧನದಲ್ಲಿ ಗಂಧಕ ಮತ್ತು ಬೂದಿ ಇರುವುದಿಲ್ಲವಾದ್ದರಿಂದ ಅದನ್ನು 'ಶುದ್ಧ ಇಂಧನ' ಎಂದು ವರ್ಣಿಸುವುದುಂಟು. ಆದರೆ ತಯಾರಿಕೆಯ ಹಂತದಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಪ್ರಮಾಣ ಬಹಳ ಹೆಚ್ಚು. ಹೀಗಾಗಿ ಈ ಇಂಧನವು ನಿಜಕ್ಕೂ ಎಷ್ಟು ಶುದ್ಧ ಎಂಬುದು ಇಂದಿಗೂ ಚರ್ಚೆಯ ವಿಷಯವಾಗಿದೆ.

## ಮೂಲತತ್ತ್ವ

ಕಲ್ಲಿದ್ದಲು ಮತ್ತು ಕಚ್ಚಾ ತೈಲ ಇವೆರಡರಲ್ಲೂ ಇರುವ ಪ್ರಧಾನ ಧಾತುಗಳು ಇಂಗಾಲ ಮತ್ತು ಜಲಜನಕ. ವ್ಯತ್ಯಾಸವಿರುವುದು ಅವುಗಳ ಅನುಪಾತದಲ್ಲಿ. ಸಾಮಾನ್ಯ ಬಿಟುಮಿನಸ್ ಕಲ್ಲಿದ್ದಲಿನಲ್ಲಿ ಒಂದು ಇಂಗಾಲದ ಪರಮಾಣುವಿಗೆ ಸುಮಾರು 0.8 ಜಲಜನಕದ ಪರಮಾಣುಗಳಿರುತ್ತವೆ. ಪೆಟ್ರೋಲ್, ಡೀಸೆಲ್‌ಗಳಲ್ಲಿ ಈ ಅನುಪಾತವು 2ರ ಸಮೀಪದಲ್ಲಿರುತ್ತದೆ. ಆದ್ದರಿಂದ ಕಲ್ಲಿದ್ದಲನ್ನು ದ್ರವ ಇಂಧನವಾಗಿಸಬೇಕಾದರೆ ಒಂದೋ ಅದಕ್ಕೆ ಹೊರಗಿನಿಂದ ಜಲಜನಕವನ್ನು ಸೇರಿಸಬೇಕು, ಇಲ್ಲವೇ ಅದರಿಂದ ಇಂಗಾಲವನ್ನು ತೆಗೆದುಹಾಕಬೇಕು. ದ್ರವೀಕರಣದ ಎಲ್ಲ ವಿಧಾನಗಳೂ ಈ ಎರಡರಲ್ಲಿ ಒಂದನ್ನು ಅಥವಾ ಎರಡನ್ನೂ ಮಾಡುತ್ತವೆ.

ಎರಡನೆಯ ವ್ಯತ್ಯಾಸವು ರಚನೆಗೆ ಸಂಬಂಧಿಸಿದ್ದು. ಕಚ್ಚಾ ತೈಲದ ಅಣುಗಳು ಬಿಡಿಬಿಡಿಯಾಗಿರುತ್ತವೆ. ಕಲ್ಲಿದ್ದಲಿನಲ್ಲಿ ಇಂಗಾಲದ ಉಂಗುರಗಳು ಒಂದಕ್ಕೊಂದು ಕೊಂಡಿಗಳ ಮೂಲಕ ಬೆಸೆದುಕೊಂಡು ದೊಡ್ಡ ಜಾಲವಾಗಿರುತ್ತವೆ. ಈ ಜಾಲದ ನಡುವೆ ಆಮ್ಲಜನಕ, ಸಾರಜನಕ ಮತ್ತು ಗಂಧಕದ ಪರಮಾಣುಗಳೂ ಸೇರಿಕೊಂಡಿರುತ್ತವೆ. ಇದಲ್ಲದೆ ಮಣ್ಣು, ಜೇಡಿ, ಸಿಲಿಕಾಗಳಂಥ ಖನಿಜ ಪದಾರ್ಥಗಳಿದ್ದು, ಉರಿದ ಮೇಲೆ ಅವು ಬೂದಿಯಾಗಿ ಉಳಿಯುತ್ತವೆ. ಜಾಲವನ್ನು ಒಡೆಯುವುದು, ಬೇಡದ ಧಾತುಗಳನ್ನು ಮತ್ತು ಖನಿಜಗಳನ್ನು ಬೇರ್ಪಡಿಸುವುದು ದ್ರವೀಕರಣದ ಅನಿವಾರ್ಯ ಹಂತಗಳು.

## ವಿಧಾನಗಳು

### ಶುಷ್ಕ ಬಟ್ಟಿ ಇಳಿಸುವಿಕೆ

ಗಾಳಿಯ ಸಂಪರ್ಕವಿಲ್ಲದೆ ಕಲ್ಲಿದ್ದಲನ್ನು ಕಾಯಿಸಿದಾಗ ಅದರಲ್ಲಿನ ಆವಿಶೀಲ ಭಾಗವು ಅನಿಲ ಮತ್ತು ಟಾರ್ ಆಗಿ ಹೊರಬರುತ್ತದೆ. ಉಳಿದದ್ದು ಕೋಕ್. ಇದು ಇಂಗಾಲವನ್ನು ತೆಗೆದುಹಾಕುವ ವಿಧಾನಕ್ಕೆ ಸರಳ ಉದಾಹರಣೆ. ಉಕ್ಕಿನ ಕಾರ್ಖಾನೆಗಳ ಕೋಕ್ ಕುಲುಮೆಗಳಲ್ಲಿ ಈ ಕ್ರಿಯೆಯು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ನಡೆಯುತ್ತದೆ ಮತ್ತು ಟಾರ್ ಕೇವಲ ಉಪೋತ್ಪನ್ನವಾಗಿರುತ್ತದೆ. ಕಡಿಮೆ ಉಷ್ಣಾಂಶದಲ್ಲಿ, ಅಂದರೆ 450ರಿಂದ 700 ಡಿಗ್ರಿಗಳ ನಡುವೆ ಕಾಯಿಸಿದರೆ ಎಣ್ಣೆಯ ಪ್ರಮಾಣ ಹೆಚ್ಚುತ್ತದೆ. ಹಾಗಿದ್ದರೂ ಕಲ್ಲಿದ್ದಲಿನ ಬಹುಭಾಗ ಕೋಕ್ ರೂಪದಲ್ಲಿಯೇ ಉಳಿಯುವುದರಿಂದ, ದ್ರವ ಇಂಧನವೇ ಮುಖ್ಯ ಗುರಿಯಾಗಿರುವಲ್ಲಿ ಈ ವಿಧಾನವನ್ನು ಅವಲಂಬಿಸುವುದಿಲ್ಲ.

### ನೇರ ದ್ರವೀಕರಣ

ಈ ವಿಧಾನವನ್ನು ಅದರ ಮೂಲಪುರುಷನಾದ ಜರ್ಮನಿಯ ರಸಾಯನವಿಜ್ಞಾನಿ ಫ್ರೀಡ್ರಿಶ್ ಬೆರ್ಗಿಯಸ್‌ನ ಹೆಸರಿನಿಂದ ಬೆರ್ಗಿಯಸ್ ವಿಧಾನ ಎಂದೂ ಕರೆಯುತ್ತಾರೆ. ಇದರ ಹಂತಗಳು ಹೀಗಿವೆ:

1. ಕಲ್ಲಿದ್ದಲನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಲಾಗುತ್ತದೆ.
2. ಪುಡಿಯನ್ನು ಅದೇ ಕಾರ್ಖಾನೆಯಲ್ಲಿ ತಯಾರಾದ ಭಾರವಾದ ಎಣ್ಣೆಯೊಂದಿಗೆ ಕಲಸಿ ಗಂಜಿಯಂಥ ಮಿಶ್ರಣ ಮಾಡಲಾಗುತ್ತದೆ. ಇದಕ್ಕೆ ವೇಗವರ್ಧಕವನ್ನು ಸೇರಿಸಲಾಗುತ್ತದೆ. ಸಾಮಾನ್ಯವಾಗಿ ಬಳಸುವ ವೇಗವರ್ಧಕ ಕಬ್ಬಿಣದ ಸಂಯುಕ್ತ.
3. ಮಿಶ್ರಣವನ್ನು ಜಲಜನಕದೊಂದಿಗೆ ದಪ್ಪ ಉಕ್ಕಿನ ಗೋಡೆಯ ಪಾತ್ರೆಗೆ ಪಂಪ್ ಮಾಡಿ, ಸುಮಾರು 400ರಿಂದ 470 ಡಿಗ್ರಿ ಉಷ್ಣಾಂಶಕ್ಕೆ ಕಾಯಿಸಲಾಗುತ್ತದೆ. ಹಳೆಯ ಜರ್ಮನ್ ಕಾರ್ಖಾನೆಗಳಲ್ಲಿ ಒತ್ತಡವು ವಾತಾವರಣದ ಒತ್ತಡದ 200ರಿಂದ 700 ಪಟ್ಟು ಇರುತ್ತಿತ್ತು. ಆಧುನಿಕ ಕಾರ್ಖಾನೆಗಳಲ್ಲಿ ಇದು 200 ಪಟ್ಟಿನ ಆಸುಪಾಸಿನಲ್ಲಿರುತ್ತದೆ.
4. ಹೊರಬಂದ ಮಿಶ್ರಣದಿಂದ ಅನಿಲ, ಎಣ್ಣೆ ಮತ್ತು ಕರಗದೆ ಉಳಿದ ಘನಪದಾರ್ಥಗಳನ್ನು ಬೇರ್ಪಡಿಸಲಾಗುತ್ತದೆ.
5. ಎಣ್ಣೆಗೆ ಮತ್ತೊಮ್ಮೆ ಜಲಜನಕವನ್ನು ಸೇರಿಸಿ ಗಂಧಕ, ಸಾರಜನಕ, ಆಮ್ಲಜನಕಗಳನ್ನು ತೆಗೆದು, ಬಟ್ಟಿ ಇಳಿಸಿ ಪೆಟ್ರೋಲ್ ಮತ್ತು ಡೀಸೆಲ್ ಪಡೆಯಲಾಗುತ್ತದೆ.

ಕಾಯಿಸಿದಾಗ ಕಲ್ಲಿದ್ದಲಿನ ಜಾಲದ ಕೊಂಡಿಗಳು ಮುರಿದು, ಕೂಡಲೇ ಮತ್ತೊಂದರೊಡನೆ ಬೆಸೆದುಕೊಳ್ಳಲು ಹವಣಿಸುವ ತುಣುಕುಗಳು ಉಂಟಾಗುತ್ತವೆ. ಸಕಾಲದಲ್ಲಿ ಜಲಜನಕ ಸಿಕ್ಕರೆ ಅವು ಸ್ಥಿರವಾಗಿ ಎಣ್ಣೆಯ ಅಣುಗಳಾಗುತ್ತವೆ. ಸಿಗದಿದ್ದರೆ ತಮ್ಮತಮ್ಮಲ್ಲೇ ಕೂಡಿಕೊಂಡು ಮತ್ತೆ ಕೋಕ್ ಆಗುತ್ತವೆ. ಕಲಸಲು ಬಳಸುವ ಎಣ್ಣೆಯ ಪಾತ್ರ ಇಲ್ಲಿ ಮಹತ್ವದ್ದು. ಅದು ಕೇವಲ ದ್ರಾವಕವಲ್ಲ. ತನ್ನಲ್ಲಿರುವ ಜಲಜನಕವನ್ನು ಈ ತುಣುಕುಗಳಿಗೆ ಕೊಟ್ಟು, ಆಮೇಲೆ ಅನಿಲ ರೂಪದ ಜಲಜನಕದಿಂದ ತನ್ನ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಈ ವಿಧಾನಕ್ಕೆ ಬೇಕಾಗುವ ಜಲಜನಕವನ್ನೂ ಸಾಮಾನ್ಯವಾಗಿ ಕಲ್ಲಿದ್ದಲಿನಿಂದಲೇ ತಯಾರಿಸಲಾಗುತ್ತದೆ. ಹೀಗಾಗಿ ನೇರ ದ್ರವೀಕರಣದ ಕಾರ್ಖಾನೆಯಲ್ಲಿಯೂ ಅನಿಲೀಕರಣದ ಒಂದು ಘಟಕ ಇದ್ದೇ ಇರುತ್ತದೆ.

### ಪರೋಕ್ಷ ದ್ರವೀಕರಣ

ಪರೋಕ್ಷ ವಿಧಾನದಲ್ಲಿ ಕಲ್ಲಿದ್ದಲಿನ ಮೂಲರಚನೆಯನ್ನು ಪೂರ್ಣವಾಗಿ ಒಡೆದುಹಾಕಲಾಗುತ್ತದೆ. ಇದರಲ್ಲಿ ಮೂರು ಮುಖ್ಯ ಹಂತಗಳಿವೆ.

ಅನಿಲೀಕರಣ: ಗ್ಯಾಸಿಫೈಯರ್ ಎಂಬ ದೊಡ್ಡ ಪಾತ್ರೆಯಲ್ಲಿ ಕಲ್ಲಿದ್ದಲನ್ನು ಹಬೆ ಮತ್ತು ಮಿತ ಪ್ರಮಾಣದ ಆಮ್ಲಜನಕದೊಂದಿಗೆ ಕಾಯಿಸಲಾಗುತ್ತದೆ. ಕಲ್ಲಿದ್ದಲಿನ ಒಂದು ಭಾಗ ಉರಿದು ಶಾಖವನ್ನು ಒದಗಿಸುತ್ತದೆ. ಉಳಿದ ಇಂಗಾಲವು ಹಬೆಯೊಂದಿಗೆ ವರ್ತಿಸಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣವನ್ನು ಕೊಡುತ್ತದೆ. ಇದಕ್ಕೆ ಸಂಶ್ಲೇಷಣಾ ಅನಿಲ ಎಂದು ಹೆಸರು. ಗ್ಯಾಸಿಫೈಯರ್‌ಗಳಲ್ಲಿ ಮೂರು ಪ್ರಮುಖ ಬಗೆಗಳಿವೆ. ಕಲ್ಲಿದ್ದಲಿನ ತುಂಡುಗಳು ಮೇಲಿನಿಂದ ನಿಧಾನವಾಗಿ ಇಳಿಯುವ ಲುರ್ಗಿ ಬಗೆ, ಪುಡಿಯು ಅನಿಲದ ರಭಸಕ್ಕೆ ಕುದಿಯುವ ದ್ರವದಂತೆ ತೇಲಾಡುವ ವಿಂಕ್ಲರ್ ಬಗೆ, ಮತ್ತು ನುಣ್ಣನೆಯ ಪುಡಿಯನ್ನು ಆಮ್ಲಜನಕದೊಂದಿಗೆ ಚಿಮ್ಮಿಸಿ ಕೆಲವೇ ಸೆಕೆಂಡುಗಳಲ್ಲಿ ಅನಿಲವಾಗಿಸುವ ಬಗೆ. ಕೊನೆಯದರಲ್ಲಿ ಉಷ್ಣಾಂಶವು ಅತಿಯಾಗಿದ್ದು ಬೂದಿಯು ಕರಗಿ ಕಿಟ್ಟವಾಗಿ ಹರಿಯುತ್ತದೆ.

ಶುದ್ಧೀಕರಣ: ಹೊರಬಂದ ಅನಿಲದಲ್ಲಿ ದೂಳು, ಟಾರ್, ಅಮೋನಿಯ, ಹೈಡ್ರೋಜನ್ ಸಲ್ಫೈಡ್ ಮೊದಲಾದ ಕಲ್ಮಶಗಳಿರುತ್ತವೆ. ಗಂಧಕದ ಅಲ್ಪಾಂಶವೂ ಮುಂದಿನ ಹಂತದ ವೇಗವರ್ಧಕವನ್ನು ಹಾಳುಮಾಡುವುದರಿಂದ ಅದನ್ನು ಸಂಪೂರ್ಣವಾಗಿ ತೆಗೆಯಲೇಬೇಕು. ಅತಿ ತಂಪಾದ ಮೆಥನಾಲ್‌ನಲ್ಲಿ ಅನಿಲವನ್ನು ತೊಳೆಯುವ ರೆಕ್ಟಿಸಾಲ್ ವಿಧಾನವು ಇದಕ್ಕೆ ಹೆಸರಾದುದು. ಬೇರ್ಪಟ್ಟ ಗಂಧಕವನ್ನು ಧಾತುರೂಪದಲ್ಲಿ ಪಡೆದು ಮಾರಾಟ ಮಾಡಲಾಗುತ್ತದೆ. ಇದೇ ಘಟ್ಟದಲ್ಲಿ ಇಂಗಾಲದ ಮಾನಾಕ್ಸೈಡಿನ ಒಂದು ಭಾಗವನ್ನು ಹಬೆಯೊಂದಿಗೆ ವರ್ತಿಸುವಂತೆ ಮಾಡಿ ಜಲಜನಕದ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ.

ಸಂಶ್ಲೇಷಣೆ: ಶುದ್ಧವಾದ ಅನಿಲವನ್ನು ಕಬ್ಬಿಣ ಅಥವಾ ಕೋಬಾಲ್ಟ್ ವೇಗವರ್ಧಕದ ಮೇಲೆ ಹಾಯಿಸಿದಾಗ ಇಂಗಾಲದ ಪರಮಾಣುಗಳು ಒಂದಕ್ಕೊಂದು ಸೇರಿ ಹೈಡ್ರೋಕಾರ್ಬನ್ ಸರಪಳಿಗಳಾಗುತ್ತವೆ. ಜೊತೆಗೆ ನೀರೂ ಉತ್ಪತ್ತಿಯಾಗುತ್ತದೆ. ಇದನ್ನು ಫಿಷರ್–ಟ್ರಾಪ್ಷ್ ಕ್ರಿಯೆ ಎನ್ನುತ್ತಾರೆ. 200ರಿಂದ 240 ಡಿಗ್ರಿ ಉಷ್ಣಾಂಶದಲ್ಲಿ ಉದ್ದವಾದ ಸರಪಳಿಗಳು, ಅಂದರೆ ಮೇಣ ಮತ್ತು ಡೀಸೆಲ್ ಹೆಚ್ಚಾಗಿ ದೊರೆಯುತ್ತವೆ. 300ರಿಂದ 350 ಡಿಗ್ರಿಯಲ್ಲಿ ಕಬ್ಬಿಣದ ವೇಗವರ್ಧಕವನ್ನು ಬಳಸಿದರೆ ಪೆಟ್ರೋಲ್ ಮತ್ತು ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಎಥಿಲೀನ್, ಪ್ರೊಪಿಲೀನ್‌ಗಳಂಥ ಒಲೆಫಿನ್‌ಗಳು ಹೆಚ್ಚುತ್ತವೆ. ಈ ಕ್ರಿಯೆಯಲ್ಲಿ ಅಪಾರವಾದ ಶಾಖ ಬಿಡುಗಡೆಯಾಗುತ್ತದೆ. ಆ ಶಾಖವನ್ನು ತಕ್ಷಣ ಹೊರತೆಗೆಯದಿದ್ದರೆ ವೇಗವರ್ಧಕವು ಕೆಟ್ಟು, ದ್ರವದ ಬದಲು ಮೀಥೇನ್ ಅನಿಲ ಹೆಚ್ಚಾಗುತ್ತದೆ. ಆದ್ದರಿಂದ ಪಾತ್ರೆಯ ವಿನ್ಯಾಸದಲ್ಲಿ ಶಾಖ ನಿರ್ವಹಣೆಯೇ ಪ್ರಮುಖ ಸವಾಲು.

### ಮೆಥನಾಲ್ ಮಾರ್ಗ

ಸಂಶ್ಲೇಷಣಾ ಅನಿಲವನ್ನು ತಾಮ್ರಯುಕ್ತ ವೇಗವರ್ಧಕದ ಮೇಲೆ ಹಾಯಿಸಿದರೆ ಮೆಥನಾಲ್ ಸಿಗುತ್ತದೆ. ಇದನ್ನು ನೇರವಾಗಿ ಇಂಧನವಾಗಿ ಅಥವಾ ಪೆಟ್ರೋಲಿನೊಂದಿಗೆ ಬೆರೆಸಿ ಬಳಸಬಹುದು. ಮೊಬಿಲ್ ಸಂಸ್ಥೆಯು 1970ರ ದಶಕದಲ್ಲಿ ಜಿಯೊಲೈಟ್ ವೇಗವರ್ಧಕದ ನೆರವಿನಿಂದ ಮೆಥನಾಲನ್ನು ಪೆಟ್ರೋಲ್ ಆಗಿಸುವ ವಿಧಾನವನ್ನು ರೂಪಿಸಿತು. ಈ ವಿಧಾನದ ಮೊದಲ ದೊಡ್ಡ ಕಾರ್ಖಾನೆ 1985ರಲ್ಲಿ ನ್ಯೂಜಿಲೆಂಡಿನ ಮೊಟುನುಯಿಯಲ್ಲಿ ಆರಂಭವಾಯಿತು. ಅಲ್ಲಿ ಕಚ್ಚಾವಸ್ತುವಾಗಿ ಬಳಕೆಯಾದುದು ಕಲ್ಲಿದ್ದಲಲ್ಲ, ನೈಸರ್ಗಿಕ ಅನಿಲ. ಆದರೆ ಮೆಥನಾಲ್ ಯಾವ ಮೂಲದಿಂದ ಬಂದರೂ ಮುಂದಿನ ಹಂತಗಳು ಒಂದೇ ಆಗಿರುತ್ತವೆ.

## ಎರಡು ವಿಧಾನಗಳ ಹೋಲಿಕೆ

- ದಕ್ಷತೆ: ಕಲ್ಲಿದ್ದಲಿನ ರಚನೆಯನ್ನು ಭಾಗಶಃ ಉಳಿಸಿಕೊಳ್ಳುವುದರಿಂದ ನೇರ ವಿಧಾನದಲ್ಲಿ ದ್ರವದ ಇಳುವರಿ ಹೆಚ್ಚು. ಪರೋಕ್ಷ ವಿಧಾನದಲ್ಲಿ ಎಲ್ಲವನ್ನೂ ಒಡೆದು ಮತ್ತೆ ಕಟ್ಟಬೇಕಾದ್ದರಿಂದ ಶಕ್ತಿಯ ನಷ್ಟ ಹೆಚ್ಚು.
- ಕಚ್ಚಾವಸ್ತು: ನೇರ ವಿಧಾನಕ್ಕೆ ಬೂದಿ ಕಡಿಮೆಯಿರುವ, ಆವಿಶೀಲ ಅಂಶ ಹೆಚ್ಚಿರುವ ಕಲ್ಲಿದ್ದಲು ಬೇಕು. ಆಂತ್ರಸೈಟ್ ಇದಕ್ಕೆ ಒಗ್ಗುವುದಿಲ್ಲ. ಪರೋಕ್ಷ ವಿಧಾನದಲ್ಲಿ ತಕ್ಕ ಗ್ಯಾಸಿಫೈಯರ್ ಇದ್ದರೆ ಬಹುತೇಕ ಎಲ್ಲ ಬಗೆಯ ಕಲ್ಲಿದ್ದಲನ್ನೂ ಬಳಸಬಹುದು.
- ಉತ್ಪನ್ನದ ಗುಣ: ನೇರ ವಿಧಾನದ ಎಣ್ಣೆಯಲ್ಲಿ ಉಂಗುರ ರಚನೆಯ ಅಣುಗಳು ಹೆಚ್ಚಾಗಿದ್ದು ಅದು ಪೆಟ್ರೋಲಿಗೆ ಹೊಂದುತ್ತದೆ. ಅದರಿಂದ ಒಳ್ಳೆಯ ಡೀಸೆಲ್ ಪಡೆಯಲು ಹೆಚ್ಚಿನ ಸಂಸ್ಕರಣೆ ಅಗತ್ಯ. ಪರೋಕ್ಷ ವಿಧಾನದ ನೇರ ಸರಪಳಿಗಳು ಡೀಸೆಲಿಗೆ ಹೇಳಿಮಾಡಿಸಿದಂತಿರುತ್ತವೆ.
- ಅನುಭವ: ನೇರ ದ್ರವೀಕರಣದ ದೊಡ್ಡ ಕಾರ್ಖಾನೆಗಳು ವಿರಳ. ಪರೋಕ್ಷ ವಿಧಾನಕ್ಕೆ ದಕ್ಷಿಣ ಆಫ್ರಿಕಾದಲ್ಲಿಯೇ 1955ರಿಂದ ನಿರಂತರವಾದ ಚರಿತ್ರೆಯಿದೆ.

## ಇತಿಹಾಸ

### ಆರಂಭ

ಭೂಮಿಯಿಂದ ಪೆಟ್ರೋಲಿಯಂ ತೆಗೆಯುವ ಉದ್ಯಮ ಬೆಳೆಯುವುದಕ್ಕಿಂತ ಮೊದಲೇ ಕಲ್ಲಿದ್ದಲಿನಿಂದ ದೀಪದ ಎಣ್ಣೆಯನ್ನು ತಯಾರಿಸಲಾಗುತ್ತಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಕಲ್ಲಿದ್ದಲಿನಿಂದ ಪ್ಯಾರಫಿನ್ ಎಣ್ಣೆ ಪಡೆಯುವ ವಿಧಾನಕ್ಕೆ 1850ರಲ್ಲಿ ಪೇಟೆಂಟ್ ಪಡೆದನು. ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೋ 1869ರಲ್ಲಿ ಪ್ರಯೋಗಶಾಲೆಯಲ್ಲಿ ಕಲ್ಲಿದ್ದಲಿಗೆ ಜಲಜನಕ ಸೇರಿಸಿ ಎಣ್ಣೆಯಂಥ ಪದಾರ್ಥವನ್ನು ಪಡೆದನು. 1902ರಲ್ಲಿ ಪಾಲ್ ಸಬಾಟಿಯೆ ಮತ್ತು ಜಾನ್-ಬ್ಯಾಪ್ಟಿಸ್ಟ್ ಸೆಂಡರೆನ್ ಅವರು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳಿಂದ ನಿಕ್ಕಲ್ ವೇಗವರ್ಧಕದ ಮೇಲೆ ಮೀಥೇನ್ ತಯಾರಿಸಿ ತೋರಿಸಿದರು.

### ಜರ್ಮನಿ

ಫ್ರೀಡ್ರಿಶ್ ಬೆರ್ಗಿಯಸ್ ಕಲ್ಲಿದ್ದಲಿಗೆ ಅಧಿಕ ಒತ್ತಡದಲ್ಲಿ ಜಲಜನಕ ಸೇರಿಸುವ ವಿಧಾನಕ್ಕೆ 1913ರಲ್ಲಿ ಪೇಟೆಂಟ್ ಪಡೆದನು. ಈ ವಿಧಾನವನ್ನು ಕೈಗಾರಿಕೆಯ ಮಟ್ಟಕ್ಕೆ ತಂದದ್ದು ಐ.ಜಿ. ಫಾರ್ಬೆನ್ ಸಂಸ್ಥೆ. ಮಥಿಯಾಸ್ ಪಿಯರ್‌ನ ನೇತೃತ್ವದಲ್ಲಿ ಗಂಧಕದಿಂದ ಕೆಡದ ವೇಗವರ್ಧಕಗಳನ್ನು ಅಲ್ಲಿ ಕಂಡುಹಿಡಿಯಲಾಯಿತು. 1927ರಲ್ಲಿ ಲಾಯ್ನಾದಲ್ಲಿ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ಉತ್ಪಾದನೆ ಆರಂಭವಾಯಿತು. ಅಧಿಕ ಒತ್ತಡದ ರಾಸಾಯನಿಕ ವಿಧಾನಗಳಿಗಾಗಿ ಬೆರ್ಗಿಯಸ್ ಮತ್ತು ಕಾರ್ಲ್ ಬಾಷ್ ಅವರಿಗೆ 1931ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಲಾಯಿತು.

ಇದೇ ಅವಧಿಯಲ್ಲಿ ರೂರ್ ಪ್ರಾಂತ್ಯದ ಮ್ಯೂಲ್‌ಹೈಮ್‌ನಲ್ಲಿದ್ದ ಕೈಸರ್ ವಿಲ್ಹೆಲ್ಮ್ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾನ್ಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಷ್ ಅವರು 1920ರ ದಶಕದ ಮಧ್ಯದಲ್ಲಿ ಪರೋಕ್ಷ ವಿಧಾನವನ್ನು ಅಭಿವೃದ್ಧಿಪಡಿಸಿದರು. ರೂರ್‌ಕೆಮಿ ಸಂಸ್ಥೆಯು 1930ರ ದಶಕದಲ್ಲಿ ಇದನ್ನು ಉದ್ಯಮವಾಗಿ ಬೆಳೆಸಿತು.

1933ರಲ್ಲಿ ಅಧಿಕಾರಕ್ಕೆ ಬಂದ ನಾಟ್ಸಿ ಸರ್ಕಾರವು ಯುದ್ಧದ ಸಿದ್ಧತೆಯ ಭಾಗವಾಗಿ ಈ ಕಾರ್ಖಾನೆಗಳಿಗೆ ಬೆಲೆ ಮತ್ತು ಮಾರುಕಟ್ಟೆಯ ಖಾತರಿ ನೀಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವಿಮಾನ ಪೆಟ್ರೋಲಿನ ಬಹುಪಾಲು ಜಲಜನಕ ಸೇರಿಸುವ ಕಾರ್ಖಾನೆಗಳಿಂದಲೇ ಬರುತ್ತಿತ್ತು. 1944ರ ಆರಂಭದ ಹೊತ್ತಿಗೆ ಸಂಶ್ಲೇಷಿತ ಇಂಧನದ ಉತ್ಪಾದನೆ ದಿನಕ್ಕೆ 1,20,000 ಬ್ಯಾರೆಲ್‌ಗಳನ್ನು ದಾಟಿತ್ತು. ಈ ಉದ್ಯಮದ ಇತಿಹಾಸಕ್ಕೆ ಕರಾಳವಾದ ಮುಖವೂ ಇದೆ. ಆಷ್ವಿಟ್ಸ್ ಬಳಿಯ ಮೊನೊವಿಟ್ಸ್‌ನಲ್ಲಿ ಸಂಶ್ಲೇಷಿತ ರಬ್ಬರ್ ಮತ್ತು ಇಂಧನದ ಕಾರ್ಖಾನೆ ಕಟ್ಟಲು ಐ.ಜಿ. ಫಾರ್ಬೆನ್ ಶಿಬಿರದ ಕೈದಿಗಳನ್ನು ಬಲವಂತವಾಗಿ ದುಡಿಸಿತು. ಅಲ್ಲಿ ಸಾವಿರಾರು ಜನ ಸತ್ತರು.

1944ರ ಮೇ 12ರಂದು ಮಿತ್ರರಾಷ್ಟ್ರಗಳ ವಿಮಾನಗಳು ಲಾಯ್ನಾ ಮತ್ತಿತರ ಕಾರ್ಖಾನೆಗಳ ಮೇಲೆ ವ್ಯವಸ್ಥಿತ ದಾಳಿಯನ್ನು ಆರಂಭಿಸಿದವು. ಯುದ್ಧಾನಂತರ ಅಮೆರಿಕವು ನಡೆಸಿದ ಸಮೀಕ್ಷೆಯ ಪ್ರಕಾರ, ಸಂಶ್ಲೇಷಿತ ಕಾರ್ಖಾನೆಗಳ ವಿಮಾನ ಪೆಟ್ರೋಲ್ ಉತ್ಪಾದನೆಯು ಏಪ್ರಿಲ್ ತಿಂಗಳಿನಲ್ಲಿದ್ದ 1,75,000 ಟನ್‌ಗಳಿಂದ ಜುಲೈನಲ್ಲಿ 30,000 ಟನ್‌ಗಳಿಗೂ ಸೆಪ್ಟೆಂಬರ್‌ನಲ್ಲಿ 5,000 ಟನ್‌ಗಳಿಗೂ ಕುಸಿಯಿತು. ಇಂಧನವಿಲ್ಲದೆ ಜರ್ಮನಿಯ ವಾಯುಪಡೆ ನಿಷ್ಕ್ರಿಯವಾಗತೊಡಗಿತು.

### ಬ್ರಿಟನ್ ಮತ್ತು ಅಮೆರಿಕ

ಬ್ರಿಟನ್ನಿನ ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯು 1935ರಲ್ಲಿ ಕಲ್ಲಿದ್ದಲಿಗೆ ಜಲಜನಕ ಸೇರಿಸುವ ಕಾರ್ಖಾನೆಯನ್ನು ತೆರೆಯಿತು. ಅಮೆರಿಕದಲ್ಲಿ 1944ರ ಕಾಯಿದೆಯೊಂದರ ಅಡಿಯಲ್ಲಿ ಮಿಸೌರಿ ರಾಜ್ಯದ ಲೂಸಿಯಾನಾ ಪಟ್ಟಣದಲ್ಲಿ ಪ್ರದರ್ಶನ ಸ್ಥಾವರವನ್ನು ನಿರ್ಮಿಸಲಾಯಿತು. ಮಧ್ಯಪ್ರಾಚ್ಯದಿಂದ ಅಗ್ಗದ ತೈಲ ಬರತೊಡಗಿದ್ದರಿಂದ 1953ರಲ್ಲಿ ಅದನ್ನು ಮುಚ್ಚಲಾಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಆಸಕ್ತಿ ಮರಳಿತು. ಸಂಶ್ಲೇಷಿತ ಇಂಧನಕ್ಕಾಗಿ 1980ರಲ್ಲಿ ಸರ್ಕಾರಿ ನಿಗಮವೊಂದು ಸ್ಥಾಪನೆಯಾಯಿತು. ತೈಲದ ಬೆಲೆ ಕುಸಿದ ಮೇಲೆ 1986ರಲ್ಲಿ ಅದನ್ನೂ ರದ್ದುಪಡಿಸಲಾಯಿತು.

### ದಕ್ಷಿಣ ಆಫ್ರಿಕಾ

ದಕ್ಷಿಣ ಆಫ್ರಿಕಾದಲ್ಲಿ ಕಲ್ಲಿದ್ದಲು ಹೇರಳವಾಗಿದ್ದರೂ ತೈಲದ ನಿಕ್ಷೇಪಗಳು ಇರಲಿಲ್ಲ. 1950ರಲ್ಲಿ ಸರ್ಕಾರದ ಬಂಡವಾಳದಿಂದ ಸಾಸೋಲ್ ಸಂಸ್ಥೆ ಹುಟ್ಟಿಕೊಂಡಿತು. ಸಾಸೋಲ್‌ಬರ್ಗ್ ಎಂಬ ಹೊಸ ಊರಿನಲ್ಲಿ ಕಟ್ಟಿದ ಕಾರ್ಖಾನೆಯಿಂದ 1955ರಲ್ಲಿ ಇಂಧನ ಹೊರಬಂತು. ವರ್ಣಭೇದ ನೀತಿಯ ವಿರುದ್ಧ ಹೇರಲಾದ ತೈಲ ನಿರ್ಬಂಧಗಳು ಮತ್ತು 1979ರ ಕ್ರಾಂತಿಯ ನಂತರ ಇರಾನಿನಿಂದ ನಿಂತುಹೋದ ಪೂರೈಕೆ ಈ ಉದ್ಯಮದ ವಿಸ್ತರಣೆಗೆ ಕಾರಣವಾದವು. ಸೆಕುಂಡಾದಲ್ಲಿ ಎರಡು ಬೃಹತ್ ಕಾರ್ಖಾನೆಗಳು 1980ರ ದಶಕದ ಆರಂಭದಲ್ಲಿ ಕಾರ್ಯಾರಂಭ ಮಾಡಿದವು. ಇವುಗಳ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 1,50,000 ಬ್ಯಾರೆಲ್ ತೈಲಕ್ಕೆ ಸಮ. ವರ್ಣಭೇದ ಆಡಳಿತಕ್ಕೆ ಆಧಾರವಾಗಿದ್ದ ಈ ಕಾರ್ಖಾನೆಗಳು ಹೋರಾಟಗಾರರ ಗುರಿಯೂ ಆದವು. 1980ರ ಜೂನ್ ಆರಂಭದಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಸಶಸ್ತ್ರ ವಿಭಾಗವು ಸಾಸೋಲ್ ಸ್ಥಾವರಗಳ ಮೇಲೆ ಬಾಂಬ್ ದಾಳಿ ನಡೆಸಿತು.

ಸಾಸೋಲ್‌ಬರ್ಗ್‌ನ ಕಾರ್ಖಾನೆಯು 2004ರಲ್ಲಿ ಕಲ್ಲಿದ್ದಲನ್ನು ಬಿಟ್ಟು ಮೊಜಾಂಬಿಕ್‌ನಿಂದ ಬರುವ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಸೆಕುಂಡಾದಲ್ಲಿ ಕಲ್ಲಿದ್ದಲೇ ಮುಖ್ಯ ಕಚ್ಚಾವಸ್ತುವಾಗಿ ಮುಂದುವರಿದಿದೆ.

### ಚೀನಾ

ಚೀನಾದ ಶೆನ್‌ಹುವಾ ಸಂಸ್ಥೆಯು ಒಳ ಮಂಗೋಲಿಯಾದ ಓರ್ಡೋಸ್‌ನಲ್ಲಿ ನೇರ ದ್ರವೀಕರಣದ ಕಾರ್ಖಾನೆಯನ್ನು ನಿರ್ಮಿಸಿ 2008ರ ಡಿಸೆಂಬರ್ ಕೊನೆಯಲ್ಲಿ ಚಾಲನೆಗೊಳಿಸಿತು. ವರ್ಷಕ್ಕೆ ಸುಮಾರು 10.8 ಲಕ್ಷ ಟನ್ ಉತ್ಪನ್ನ ನೀಡುವಂತೆ ಇದನ್ನು ವಿನ್ಯಾಸಗೊಳಿಸಲಾಗಿದೆ. ಯುದ್ಧಾನಂತರದ ಕಾಲದಲ್ಲಿ ನೇರ ವಿಧಾನವನ್ನು ವಾಣಿಜ್ಯ ಪ್ರಮಾಣದಲ್ಲಿ ಮರಳಿ ತಂದ ಕಾರ್ಖಾನೆ ಇದು. ನಿಂಗ್‌ಶಿಯಾ ಪ್ರಾಂತ್ಯದಲ್ಲಿ ವರ್ಷಕ್ಕೆ 40 ಲಕ್ಷ ಟನ್ ಸಾಮರ್ಥ್ಯದ ಪರೋಕ್ಷ ದ್ರವೀಕರಣ ಕಾರ್ಖಾನೆಯು 2016ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿತು.

## ಭಾರತದಲ್ಲಿ

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ಕಲ್ಲಿದ್ದಲಿನ ಉತ್ಪಾದನೆಯಲ್ಲಿ ಅದು ಚೀನಾದ ನಂತರದ ಸ್ಥಾನದಲ್ಲಿದೆ. ಹೀಗಾಗಿ ದ್ರವೀಕರಣದ ವಿಚಾರವು ಇಲ್ಲಿ ಹಲವು ಬಾರಿ ಚರ್ಚೆಗೆ ಬಂದಿದೆ. ಆದರೆ ಈವರೆಗೆ ಕಲ್ಲಿದ್ದಲಿನಿಂದ ಪೆಟ್ರೋಲ್ ಅಥವಾ ಡೀಸೆಲ್ ತಯಾರಿಸುವ ದೊಡ್ಡ ಪ್ರಮಾಣದ ಕಾರ್ಖಾನೆ ಸ್ಥಾಪನೆಯಾಗಿಲ್ಲ.

ಇದಕ್ಕೆ ಇರುವ ಮುಖ್ಯ ತಾಂತ್ರಿಕ ಅಡಚಣೆ ಬೂದಿ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪ್ರಮಾಣವು ಸಾಮಾನ್ಯವಾಗಿ ಶೇಕಡ 30ರಿಂದ 45ರಷ್ಟಿರುತ್ತದೆ. ನೇರ ವಿಧಾನದಲ್ಲಿ ಇಷ್ಟು ಬೂದಿಯನ್ನು ಎಣ್ಣೆಯಿಂದ ಬೇರ್ಪಡಿಸುವುದು ಕಷ್ಟ. ಪರೋಕ್ಷ ವಿಧಾನದಲ್ಲಿಯೂ ವಿದೇಶಗಳ ಕಡಿಮೆ ಬೂದಿಯ ಕಲ್ಲಿದ್ದಲಿಗೆಂದು ರೂಪಿಸಿದ ಗ್ಯಾಸಿಫೈಯರ್‌ಗಳು ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಡಿಶಾದ ತಾಲ್ಚೇರ್ ಮತ್ತು ಇಂದಿನ ತೆಲಂಗಾಣದ ರಾಮಗುಂಡಂಗಳಲ್ಲಿ 1980ರ ಸುಮಾರಿಗೆ ಆರಂಭವಾದ ಕಲ್ಲಿದ್ದಲು ಆಧಾರಿತ ರಸಗೊಬ್ಬರ ಕಾರ್ಖಾನೆಗಳು ಪೂರ್ಣ ಸಾಮರ್ಥ್ಯವನ್ನು ಮುಟ್ಟಲಾಗದೆ ಮುಂದೆ ಮುಚ್ಚಿಹೋದವು. ಅಸ್ಸಾಮಿನ ಕಲ್ಲಿದ್ದಲು ಇದಕ್ಕೆ ಅಪವಾದ. ಅದರಲ್ಲಿ ಗಂಧಕ ಹೆಚ್ಚಾಗಿದ್ದರೂ ಬೂದಿ ಕಡಿಮೆಯಿರುವುದರಿಂದ ದ್ರವೀಕರಣಕ್ಕೆ ಅದು ಯೋಗ್ಯವೆಂದು ಪರಿಗಣಿಸಲಾಗಿದೆ. ಆಯಿಲ್ ಇಂಡಿಯಾ ಸಂಸ್ಥೆಯು ಅಸ್ಸಾಮಿನ ದುಲಿಯಾಜಾನ್‌ನಲ್ಲಿ ಚಿಕ್ಕ ಪ್ರಾಯೋಗಿಕ ಸ್ಥಾವರದಲ್ಲಿ ಇದನ್ನು ಪರೀಕ್ಷಿಸಿತು.

2009ರಲ್ಲಿ ಕೇಂದ್ರ ಸರ್ಕಾರವು ದ್ರವೀಕರಣ ಯೋಜನೆಗಳಿಗಾಗಿ ಒಡಿಶಾದ ತಾಲ್ಚೇರ್ ಪ್ರದೇಶದಲ್ಲಿ ಎರಡು ಕಲ್ಲಿದ್ದಲು ನಿಕ್ಷೇಪಗಳನ್ನು ಹಂಚಿಕೆ ಮಾಡಿತು. ಒಂದು ಜಿಂದಾಲ್ ಸಮೂಹಕ್ಕೂ ಇನ್ನೊಂದು ಟಾಟಾ ಮತ್ತು ಸಾಸೋಲ್‌ಗಳ ಜಂಟಿ ಉದ್ಯಮಕ್ಕೂ ದೊರೆತವು. ಈ ಯೋಜನೆಗಳು ಕಾರ್ಯರೂಪಕ್ಕೆ ಬರುವ ಮೊದಲೇ, 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು 200ಕ್ಕೂ ಹೆಚ್ಚು ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಗೊಳಿಸಿದಾಗ ಇವೂ ಕೊನೆಗೊಂಡವು.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಗಮನವು ಅನಿಲೀಕರಣ ಮತ್ತು ಮೆಥನಾಲಿನತ್ತ ಹೊರಳಿದೆ. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲೀಕರಿಸುವ ಗುರಿಯನ್ನು ಹಾಕಿಕೊಳ್ಳಲಾಗಿದೆ. ಇದಕ್ಕಾಗಿ 2024ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು 8,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿತು. ಹೈದರಾಬಾದಿನಲ್ಲಿರುವ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಕೇಂದ್ರವು ಹೆಚ್ಚು ಬೂದಿಯ ಭಾರತೀಯ ಕಲ್ಲಿದ್ದಲಿನಿಂದ ಮೆಥನಾಲ್ ತಯಾರಿಸುವ ಪ್ರಾಯೋಗಿಕ ಸ್ಥಾವರವನ್ನು ನಡೆಸಿ ತೋರಿಸಿದೆ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಮೆಥನಾಲ್ ಬಳಕೆಯ ಪ್ರಯೋಗದಲ್ಲಿ ಮಾತ್ರ ರಾಜ್ಯಕ್ಕೆ ಪಾಲಿದೆ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಕೆಲವು ಬಸ್ಸುಗಳನ್ನು ಶೇಕಡ 15ರಷ್ಟು ಮೆಥನಾಲ್ ಬೆರೆಸಿದ ಡೀಸೆಲಿನಿಂದ ಓಡಿಸುವ ಪ್ರಯೋಗವು 2023ರ ಮಾರ್ಚ್‌ನಲ್ಲಿ ಆರಂಭವಾಯಿತು.

## ಇಂಧನದ ಗುಣಮಟ್ಟ

ಫಿಷರ್–ಟ್ರಾಪ್ಷ್ ವಿಧಾನದ ಡೀಸೆಲಿನಲ್ಲಿ ಗಂಧಕದ ಅಂಶವು ಇಲ್ಲವೆನ್ನುವಷ್ಟು ಕಡಿಮೆ. ಉಂಗುರ ರಚನೆಯ ಅಣುಗಳೂ ಅತ್ಯಲ್ಪ. ಡೀಸೆಲ್ ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೂಚಿಸುವ ಸೀಟೇನ್ ಸಂಖ್ಯೆಯು ಇದರಲ್ಲಿ 70ನ್ನು ಮೀರುವುದುಂಟು. ಭಾರತದ ಮಾರುಕಟ್ಟೆಯ ಸಾಮಾನ್ಯ ಡೀಸೆಲಿಗೆ ನಿಗದಿಯಾದ ಕನಿಷ್ಠ ಸಂಖ್ಯೆ 51. ಈ ಕಾರಣಗಳಿಂದ ಎಂಜಿನ್‌ನಿಂದ ಹೊರಬರುವ ಮಸಿ ಮತ್ತು ಗಂಧಕದ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ. ವಿಮಾನ ಇಂಧನವಾಗಿಯೂ ಇದು ಮನ್ನಣೆ ಪಡೆದಿದೆ. ಸಾಸೋಲ್‌ನ ಸಂಶ್ಲೇಷಿತ ಇಂಧನವನ್ನು ಸಾಮಾನ್ಯ ವಿಮಾನ ಇಂಧನದೊಂದಿಗೆ ಅರ್ಧದವರೆಗೆ ಬೆರೆಸಿ ಬಳಸಲು 1999ರಲ್ಲಿ ಅನುಮತಿ ದೊರೆಯಿತು.

## ಪರಿಸರದ ಮೇಲಿನ ಪರಿಣಾಮ

### ಇಂಗಾಲದ ಲೆಕ್ಕ

ಕಲ್ಲಿದ್ದಲಿನ ಇಂಧನವು ವಾಹನದ ಹೊಗೆಕೊಳವೆಯಲ್ಲಿ ಶುದ್ಧವಾಗಿ ಕಂಡರೂ ಮಾಲಿನ್ಯದ ದೊಡ್ಡ ಭಾಗ ಕಾರ್ಖಾನೆಯಲ್ಲಿಯೇ ಆಗಿಹೋಗಿರುತ್ತದೆ. ಇದಕ್ಕೆ ಕಾರಣ ಮೂಲ ರಸಾಯನಕ್ರಿಯೆಯಲ್ಲೇ ಇದೆ. ಕಲ್ಲಿದ್ದಲನ್ನು ಕೇವಲ ಇಂಗಾಲವೆಂದು ಭಾವಿಸಿ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಇಂಗಾಲದ 3 ಪರಮಾಣುಗಳು ನೀರಿನ 3 ಅಣುಗಳೊಂದಿಗೆ ವರ್ತಿಸಿದಾಗ ಇಂಗಾಲದ ಮಾನಾಕ್ಸೈಡಿನ 3 ಅಣುಗಳೂ ಜಲಜನಕದ 3 ಅಣುಗಳೂ ಸಿಗುತ್ತವೆ. ಆದರೆ ಇಂಧನ ಸಂಶ್ಲೇಷಣೆಗೆ ಮಾನಾಕ್ಸೈಡಿನ ಪ್ರತಿಯೊಂದು ಅಣುವಿಗೆ ಜಲಜನಕದ 2 ಅಣುಗಳು ಬೇಕು. ಕೊರತೆಯನ್ನು ತುಂಬಲು ಮಾನಾಕ್ಸೈಡಿನ 1 ಅಣುವನ್ನು ಹಬೆಯೊಂದಿಗೆ ವರ್ತಿಸುವಂತೆ ಮಾಡಬೇಕಾಗುತ್ತದೆ. ಆಗ ಜಲಜನಕ 4 ಅಣುಗಳಾಗಿ, ಮಾನಾಕ್ಸೈಡ್ 2 ಅಣುಗಳಾಗಿ, 1 ಅಣು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಈ ಆದರ್ಶ ಲೆಕ್ಕದಲ್ಲಿಯೂ ಇಂಗಾಲದ ಮೂರನೆಯ ಒಂದು ಭಾಗ ಇಂಧನವಾಗುವುದೇ ಇಲ್ಲ.

ಕಲ್ಲಿದ್ದಲಿನಲ್ಲಿ ಸ್ವಲ್ಪ ಜಲಜನಕ ಇರುವುದರಿಂದ ಈ ನಷ್ಟ ತುಸು ತಗ್ಗುತ್ತದೆ. ಆದರೆ ಅನಿಲೀಕರಣಕ್ಕೆ ಬೇಕಾದ ಶಾಖ, ಹಬೆ, ಆಮ್ಲಜನಕ ಮತ್ತು ವಿದ್ಯುತ್ತಿಗಾಗಿ ಇನ್ನಷ್ಟು ಕಲ್ಲಿದ್ದಲನ್ನು ಉರಿಸಬೇಕಾಗುತ್ತದೆ. ಎಲ್ಲವನ್ನೂ ಸೇರಿಸಿದರೆ ಕಲ್ಲಿದ್ದಲಿನ ಇಂಗಾಲದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗವು ಕಾರ್ಖಾನೆಯಲ್ಲೇ ವಾತಾವರಣಕ್ಕೆ ಸೇರುತ್ತದೆ. ಉಳಿದದ್ದು ವಾಹನದಲ್ಲಿ ಉರಿದು ಸೇರುತ್ತದೆ. ಗಣಿಯಿಂದ ಚಕ್ರದವರೆಗಿನ ಒಟ್ಟು ಲೆಕ್ಕದಲ್ಲಿ, ಇಂಗಾಲವನ್ನು ಹಿಡಿದಿಡುವ ವ್ಯವಸ್ಥೆ ಇಲ್ಲದಿದ್ದರೆ, ಈ ಇಂಧನದ ಹಸಿರುಮನೆ ಅನಿಲಗಳ ಹೊರಸೂಸುವಿಕೆಯು ಕಚ್ಚಾ ತೈಲದ ಇಂಧನಕ್ಕಿಂತ ಸುಮಾರು ಎರಡು ಪಟ್ಟಾಗುತ್ತದೆ. ಸೆಕುಂಡಾ ಸಮುಚ್ಚಯವು ವರ್ಷಕ್ಕೆ 5 ಕೋಟಿ ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಸೂಸುತ್ತಿದ್ದು, ಒಂದೇ ಸ್ಥಳದಿಂದ ಇಷ್ಟು ಹಸಿರುಮನೆ ಅನಿಲ ಹೊರಬೀಳುವ ಜಗತ್ತಿನ ಪ್ರಮುಖ ತಾಣಗಳಲ್ಲಿ ಒಂದೆನಿಸಿದೆ.

### ಇಂಗಾಲವನ್ನು ಹಿಡಿದಿಡುವುದು

ಶುದ್ಧೀಕರಣದ ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಬಹುಮಟ್ಟಿಗೆ ಶುದ್ಧ ರೂಪದಲ್ಲೇ ಬೇರ್ಪಡುವುದರಿಂದ, ವಿದ್ಯುತ್ ಸ್ಥಾವರಗಳಿಗೆ ಹೋಲಿಸಿದರೆ ಇಲ್ಲಿ ಅದನ್ನು ಹಿಡಿಯುವುದು ಸುಲಭ. ಅಮೆರಿಕದ ಉತ್ತರ ಡಕೋಟಾದಲ್ಲಿ ಲಿಗ್ನೈಟ್‌ನಿಂದ ಸಂಶ್ಲೇಷಿತ ನೈಸರ್ಗಿಕ ಅನಿಲ ತಯಾರಿಸುವ ಗ್ರೇಟ್ ಪ್ಲೇನ್ಸ್ ಸ್ಥಾವರವು 2000ದಿಂದ ಇಂಗಾಲದ ಡೈಆಕ್ಸೈಡನ್ನು ಕೊಳವೆಯ ಮೂಲಕ ಕೆನಡಾದ ವೇಬರ್ನ್ ತೈಲಕ್ಷೇತ್ರಕ್ಕೆ ಕಳುಹಿಸತೊಡಗಿತು. ಅಲ್ಲಿ ಅದನ್ನು ಭೂಮಿಯೊಳಕ್ಕೆ ತುಂಬಿ ಉಳಿದ ತೈಲವನ್ನು ಮೇಲೆತ್ತಲು ಬಳಸಲಾಗುತ್ತದೆ. ಓರ್ಡೋಸ್‌ನಲ್ಲಿಯೂ 2011ರಿಂದ 2015ರವರೆಗೆ ಸುಮಾರು 3 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಪ್ರಾಯೋಗಿಕವಾಗಿ ನೆಲದಾಳಕ್ಕೆ ತುಂಬಲಾಯಿತು. ಕಾರ್ಖಾನೆಯ ಒಟ್ಟು ಹೊರಸೂಸುವಿಕೆಯಲ್ಲಿ ಇದು ಸಣ್ಣ ಪಾಲು. ಇಷ್ಟಾದರೂ ವಾಹನದಲ್ಲಿ ಇಂಧನ ಉರಿದಾಗ ಬರುವ ಇಂಗಾಲವನ್ನು ಈ ಕ್ರಮದಿಂದ ಹಿಡಿಯಲಾಗದು. ಕಾರ್ಖಾನೆಯ ಇಂಗಾಲವನ್ನೆಲ್ಲ ಹಿಡಿದಿಟ್ಟರೂ ಈ ಇಂಧನವು ಹೆಚ್ಚೆಂದರೆ ಕಚ್ಚಾ ತೈಲದ ಇಂಧನಕ್ಕೆ ಸರಿಸಮವಾಗುತ್ತದೆ.

### ನೀರು ಮತ್ತು ತ್ಯಾಜ್ಯ

ಹಬೆಗೆ, ತಂಪುಗೊಳಿಸಲು ಮತ್ತು ಜಲಜನಕದ ಮೂಲವಾಗಿ ಈ ಕಾರ್ಖಾನೆಗಳಿಗೆ ಅಪಾರ ನೀರು ಬೇಕು. ಒಂದು ಟನ್ ಇಂಧನಕ್ಕೆ ಹಲವು ಟನ್ ನೀರು ಖರ್ಚಾಗುತ್ತದೆ. ಕಲ್ಲಿದ್ದಲಿನ ಗಣಿಗಳು ಅನೇಕ ಕಡೆ ಒಣ ಪ್ರದೇಶಗಳಲ್ಲಿರುವುದು ಸಮಸ್ಯೆಯನ್ನು ಬಿಗಡಾಯಿಸುತ್ತದೆ. ಓರ್ಡೋಸ್ ಕಾರ್ಖಾನೆಯು ಹುಲ್ಲುಗಾವಲಿನ ಅಂತರ್ಜಲವನ್ನು ಬರಿದು ಮಾಡುತ್ತಿದೆ ಎಂದು ಗ್ರೀನ್‌ಪೀಸ್ ಸಂಘಟನೆಯು 2013ರಲ್ಲಿ ವರದಿ ಪ್ರಕಟಿಸಿತು. ಅನಿಲೀಕರಣದಲ್ಲಿ ಉಳಿಯುವ ಬೂದಿ, ಫೀನಾಲ್ ಮತ್ತು ಅಮೋನಿಯ ಬೆರೆತ ತ್ಯಾಜ್ಯ ನೀರು ಇವುಗಳ ನಿರ್ವಹಣೆಯೂ ಅಗತ್ಯ. ಜೊತೆಗೆ ಗಣಿಗಾರಿಕೆಯಿಂದ ಆಗುವ ಭೂಮಿ ಮತ್ತು ಜನವಸತಿಗಳ ಹಾನಿಯೂ ಈ ಲೆಕ್ಕಕ್ಕೆ ಸೇರುತ್ತದೆ.

## ಆರ್ಥಿಕ ಅಂಶಗಳು

ಒಂದು ಟನ್ ದ್ರವ ಇಂಧನಕ್ಕೆ ಕಲ್ಲಿದ್ದಲಿನ ಗುಣಮಟ್ಟ ಮತ್ತು ವಿಧಾನಕ್ಕೆ ಅನುಗುಣವಾಗಿ ಸುಮಾರು 3ರಿಂದ 4 ಟನ್ ಕಲ್ಲಿದ್ದಲು ಬೇಕಾಗುತ್ತದೆ. ಕಲ್ಲಿದ್ದಲಿನ ಬೆಲೆಗಿಂತಲೂ ಕಾರ್ಖಾನೆಯನ್ನು ಕಟ್ಟುವ ಆರಂಭಿಕ ಬಂಡವಾಳವೇ ದೊಡ್ಡ ಹೊರೆ. ಕಟ್ಟಲು ಹಲವು ವರ್ಷಗಳು ಹಿಡಿಯುವುದರಿಂದ, ಯೋಜನೆ ಆರಂಭವಾದಾಗ ದುಬಾರಿಯಾಗಿದ್ದ ತೈಲವು ಉತ್ಪಾದನೆ ಶುರುವಾಗುವ ಹೊತ್ತಿಗೆ ಅಗ್ಗವಾಗಿರುವ ಸಂಭವವಿದೆ. ಅಮೆರಿಕದ ಯೋಜನೆಗಳು ಎರಡು ಬಾರಿಯೂ ನೆಲಕಚ್ಚಿದ್ದು ಈ ಕಾರಣದಿಂದ. ಉದ್ಯಮವು ನೆಲೆಯೂರಿದ ಜರ್ಮನಿ, ದಕ್ಷಿಣ ಆಫ್ರಿಕಾ ಮತ್ತು ಚೀನಾ ಮೂರೂ ಕಡೆ ಸರ್ಕಾರದ ಬಂಡವಾಳ, ಬೆಲೆಯ ಖಾತರಿ ಅಥವಾ ರಾಜಕೀಯ ಅನಿವಾರ್ಯತೆ ಅದರ ಬೆನ್ನಿಗಿತ್ತು. ಇಂಗಾಲದ ಮೇಲೆ ತೆರಿಗೆ ವಿಧಿಸುವ ನೀತಿಗಳು ಈಗ ಹೊಸ ವೆಚ್ಚವನ್ನು ಸೇರಿಸಿವೆ. ದಕ್ಷಿಣ ಆಫ್ರಿಕಾದಲ್ಲಿ ಇಂಥ ತೆರಿಗೆ 2019ರ ಜೂನ್‌ನಲ್ಲಿ ಜಾರಿಗೆ ಬಂದಿತು.

ಫಿಷರ್–ಟ್ರಾಪ್ಷ್ ಮತ್ತು ಮೆಥನಾಲ್ ಸಂಶ್ಲೇಷಣೆಗಳಿಗೆ ಕಲ್ಲಿದ್ದಲೇ ಬೇಕೆಂದಿಲ್ಲ. ನೈಸರ್ಗಿಕ ಅನಿಲ, ಕೃಷಿ ತ್ಯಾಜ್ಯ, ಅಥವಾ ನವೀಕರಿಸಬಹುದಾದ ವಿದ್ಯುತ್ತಿನಿಂದ ಪಡೆದ ಜಲಜನಕ ಮತ್ತು ಹಿಡಿದಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದಲೂ ಸಂಶ್ಲೇಷಣಾ ಅನಿಲವನ್ನು ಪಡೆಯಬಹುದು. ಬ್ಯಾಟರಿಯಿಂದ ಓಡಿಸಲು ಕಷ್ಟವಾದ ವಿಮಾನ ಮತ್ತು ಹಡಗುಗಳಿಗೆ ಇಂಥ ಇಂಧನವನ್ನು ಒದಗಿಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಕಲ್ಲಿದ್ದಲಿಗಾಗಿ ರೂಪಿಸಲಾದ ವೇಗವರ್ಧಕಗಳು ಮತ್ತು ಸ್ಥಾವರಗಳ ಅನುಭವವು ಈ ಪ್ರಯತ್ನಗಳಿಗೆ ಬುನಾದಿಯಾಗಿದೆ.

## ಇವನ್ನೂ ನೋಡಿ

- ಕಲ್ಲಿದ್ದಲು
- ಪೆಟ್ರೋಲಿಯಂ
- ಮೆಥನಾಲ್
- ವೇಗವರ್ಧಕ
- ಹಸಿರುಮನೆ ಪರಿಣಾಮ